ರಾಜಧಾನಿ ಹೋದ ಮೇಲೂ ಉಳಿದ ಊರು: ಗೋವಾದ ಚಾಂದೋರ್

ಎಲ್ಲರಿಗೂ ನಮಸ್ಕಾರ.

ಗೋವಾದ ಚರಿತ್ರೆ ಎಂದ ಕೂಡಲೇ ನಾವು ಕನ್ನಡಿಗರು ಎರಡು ಮಾತು ಹೇಳಿ ಮುಗಿಸಿಬಿಡುತ್ತೇವೆ. ಅಲ್ಲಿ ನಮ್ಮ ಕದಂಬರು ಆಳಿದರು, ಆಮೇಲೆ ಪೋರ್ಚುಗೀಸರು ಬಂದರು. ಎರಡೂ ನಿಜವೇ. ಆದರೆ ರಾಜರು ಬಂದಾಗಲೂ ಹೋದಾಗಲೂ ಅಲ್ಲಿ ಊರುಗಳಿದ್ದವು. ಗದ್ದೆ ನಾಟಿಯಾಗುತ್ತಿತ್ತು, ಒಡ್ಡು ಒಡೆದರೆ ರಾತ್ರೋರಾತ್ರಿ ಮಣ್ಣು ಹೊರಬೇಕಿತ್ತು, ಯಾರಿಗೆ ಎಷ್ಟು ಪಾಲು ಎಂಬ ಜಗಳ ನಡೆಯುತ್ತಿತ್ತು. ಆ ಕಥೆಯನ್ನು ನಾವು ಕೇಳುವುದೇ ಇಲ್ಲ. ಅದಕ್ಕೇ ಇವತ್ತು ಒಂದೇ ಊರನ್ನು ಹಿಡಿದುಕೊಂಡು ಮಾತಾಡುತ್ತೇನೆ. ದಕ್ಷಿಣ ಗೋವಾದ ಸಾಲಸೇಟ್ ತಾಲೂಕಿನ ಚಾಂದೋರ್. ಮಡಗಾಂವಿನಿಂದ ಪೂರ್ವಕ್ಕೆ ಸುಮಾರು ಹತ್ತು ಕಿಲೋಮೀಟರ್, ಕುಶಾವತಿ ಹೊಳೆಯ ದಂಡೆ.

ಪ್ರವಾಸಿಗರು ಚಾಂದೋರಿಗೆ ಹೋಗುವುದು ಅಲ್ಲಿಯ ಚರ್ಚಿನ ಎದುರಿರುವ ಭಾರಿ ಬಂಗಲೆ ನೋಡುವುದಕ್ಕೆ. ಬೆಲ್ಜಿಯಂ ಗಾಜಿನ ದೀಪ, ಚೀನಾದ ಪಿಂಗಾಣಿ, ಕುಣಿತದ ಹಾಲ್ ಎಲ್ಲ ನೋಡಿ, ಫೋಟೋ ತೆಗೆದುಕೊಂಡು ವಾಪಸಾಗುತ್ತಾರೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಕೋಟೆಯ ಜಾಗ ಇದೆ. ಊರವರು ಅದನ್ನು ಕೋಟ್ ಎನ್ನುತ್ತಾರೆ. ಅಲ್ಲಿ ತಲೆಯಿಲ್ಲದ ಒಂದು ಕಲ್ಲಿನ ನಂದಿ, ಒಂದಿಷ್ಟು ಹಳೇ ಅಡಿಪಾಯ. ಆ ಕಡೆ ಕಾಲಿಡುವವರು ಕಡಿಮೆ. ನಾವು ಅಲ್ಲಿಂದಲೇ ಶುರು ಮಾಡೋಣ. ಬಂಗಲೆಗೆ ಆಮೇಲೆ ಬರೋಣ.

ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಹೆನ್ರಿ ಹೆರಾಸ್ ಎಂಬ ಪಾದ್ರಿ ಚರಿತ್ರೆ ಕಲಿಸುತ್ತಿದ್ದರು. ಹುಟ್ಟಿದ್ದು ಸ್ಪೇನಿನಲ್ಲಿ, ಬದುಕು ಸವೆಸಿದ್ದು ಇಲ್ಲಿ. ಅವರು 1929ರಲ್ಲಿ ಈ ಜಾಗವನ್ನು ಅಗೆಸಿದರು. ಒಂದು ಶಿವ ದೇವಸ್ಥಾನದ ಬುನಾದಿ ಸಿಕ್ಕಿತು, ಈ ನಂದಿ ಸಿಕ್ಕಿತು. ಮುಂದೆ ಭಾರತೀಯ ಪುರಾತತ್ವ ಇಲಾಖೆಯೂ ಇಲ್ಲಿ ಅಗೆಯಿತು. ಕೆಳಗೆ ಹೋದ ಹಾಗೆ ಇಟ್ಟಿಗೆಯ ಗುಡಿ ಕಾಣಿಸಿತು. ಗೋವಾದಂಥ ಕಡೆ, ಎಲ್ಲಿ ಅಗೆದರೂ ಕೆಂಪು ಮುರಕಲ್ಲು ಸಿಗುವಾಗ, ಇಟ್ಟಿಗೆ ಸುಟ್ಟು ಗುಡಿ ಕಟ್ಟಿದ್ದಾರೆ ಎಂದರೆ ಅದು ಬಹಳ ಹಳೆಯ ಕಾಲದ ಪದ್ಧತಿ ಎಂದೇ ಲೆಕ್ಕ. ಒಂದೇ ಜಾಗದಲ್ಲಿ ಗುಡಿ ಮೇಲೆ ಗುಡಿ ಎದ್ದಿದೆ. ರಾಜಮನೆತನ ಬದಲಾದರೂ ಪೂಜೆಯ ಜಾಗ ಬದಲಾಗಿಲ್ಲ.

ಈ ಹೊಳೆಯ ಬಗ್ಗೆ ಒಂದು ಮಾತು. ಕುಶಾವತಿ ಚಿಕ್ಕ ಹೊಳೆ. ಸಹ್ಯಾದ್ರಿಯ ತಪ್ಪಲಿನಿಂದ ಇಳಿದು, ರಿವಣ, ಕೇಪೆ, ಪಾರೋಡೆ ದಾಟಿ, ಚಾಂದೋರ್ ಮುಟ್ಟಿ, ಮುಂದೆ ಜುವಾರಿಗೆ ಸೇರುತ್ತದೆ. ಇದೇ ಹೊಳೆಯ ಮೇಲ್ಭಾಗದಲ್ಲಿ ಉಸಗಾಳಿಮಳ್ ಎಂಬಲ್ಲಿ ದಂಡೆಯ ಮುರಕಲ್ಲಿನ ಹಾಸಿನ ಮೇಲೆಯೇ ಗೂಳಿ, ಜಿಂಕೆ, ಮನುಷ್ಯರು, ಸುತ್ತಿ ಸುತ್ತಿ ಹೋಗುವ ಒಂದು ಚಕ್ರವ್ಯೂಹದಂಥ ಗೆರೆ, ಹೀಗೆ ನೂರಕ್ಕೂ ಹೆಚ್ಚು ಚಿತ್ರಗಳನ್ನು ಕೊರೆದಿದ್ದಾರೆ. ಬರಹ ಹುಟ್ಟುವುದಕ್ಕೆ ಎಷ್ಟೋ ಮುಂಚಿನ ಕೆಲಸ ಅದು. ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1993ರಲ್ಲಿ. ಅಲ್ಲಿ ದನ ಮೇಯಿಸುವವರಿಗೆ ಮೊದಲೇ ಗೊತ್ತಿತ್ತು ಬಿಡಿ. ನಾನು ಹೇಳುವುದೇನೆಂದರೆ, ಚಾಂದೋರ್ ಯಾವುದೋ ರಾಜ ಕಾಡು ಕಡಿದು ಕಟ್ಟಿದ ಊರಲ್ಲ. ಜನ ಎಷ್ಟೋ ಕಾಲದಿಂದ ಓಡಾಡುತ್ತಿದ್ದ ಕಣಿವೆಯ ಬಾಯಲ್ಲಿ ಅದು ಬೆಳೆಯಿತು. ಮೇಲಿನಿಂದ ಕಾಡಿನ ಸರಕು ಇಳಿದು ಬರಬೇಕು, ಕೆಳಗಿನಿಂದ ದೋಣಿ ಏರಿ ಬರಬೇಕು. ಎರಡೂ ಕೂಡುವ ಜಾಗ ಇದು.

ಊರಿನ ಹೆಸರು ಮೊದಲು ಕಾಣಿಸುವುದು ಶಿರೋಡೆಯಲ್ಲಿ ಸಿಕ್ಕ ತಾಮ್ರಪಟದಲ್ಲಿ. ಭೋಜ ಮನೆತನದ ದೇವರಾಜ ಎಂಬ ಅರಸ ಚಂದ್ರಪುರದಲ್ಲಿ, ಅಂದರೆ ಈಗಿನ ಚಾಂದೋರಿನಲ್ಲಿ, ಇದ್ದುಕೊಂಡು ಇಬ್ಬರು ಬ್ರಾಹ್ಮಣರಿಗೆ ದಾನ ಕೊಟ್ಟ ಪತ್ರ ಅದು. ಅಕ್ಷರದ ರೂಪ ನೋಡಿ ಅದನ್ನು ಸುಮಾರು 4ನೇ ಶತಮಾನಕ್ಕೆ ಇಡುತ್ತಾರೆ. ಅಂದರೆ ಬನವಾಸಿಯಲ್ಲಿ ಮಯೂರವರ್ಮ ತಲೆಯೆತ್ತಿದ ಕಾಲದ ಆಸುಪಾಸಿನಲ್ಲೇ ಇಲ್ಲಿಯೂ ಒಂದು ರಾಜಧಾನಿ ನಡೆಯುತ್ತಿತ್ತು. ಹೊಳೆಯಾಚೆ ಪಾರೋಡೆಯ ಗುಡ್ಡದ ಮೇಲೆ ಚಂದ್ರನಾಥನ ದೇವಸ್ಥಾನ ಇವತ್ತಿಗೂ ಇದೆ. ಹುಣ್ಣಿಮೆಯ ಬೆಳದಿಂಗಳು ಬಿದ್ದಾಗ ಅಲ್ಲಿಯ ಲಿಂಗ ಒದ್ದೆಯಾಗುತ್ತದೆ ಎಂದು ಭಕ್ತರು ನಂಬುತ್ತಾರೆ. ಊರಿಗೆ ಹೆಸರು ಬಂದದ್ದು ಆ ದೇವರಿಂದ ಎಂದೇ ಆ ಕಡೆಯ ಜನ ಹೇಳುತ್ತಾರೆ.

ಭೋಜರ ನಂತರದ ಕೆಲವು ಶತಮಾನಗಳನ್ನು ಬೇಗ ದಾಟಿಬಿಡುತ್ತೇನೆ. ಒಂದು ಚೂರು ಮಾತ್ರ ಬಿಡಲು ಮನಸ್ಸಿಲ್ಲ. ಈಗಿನ ಸಿಂಧುದುರ್ಗ ಜಿಲ್ಲೆಯ ಖಾರೇಪಾಟಣದಲ್ಲಿ ಸಿಕ್ಕ 1008ರ ತಾಮ್ರಪಟದಲ್ಲಿ ಕೊಂಕಣದ ಶಿಲಾಹಾರರ ವಂಶಾವಳಿ ಇದೆ. ಅದರಲ್ಲಿ ಅಯ್ಯಪ ಎಂಬ ಪೂರ್ವಜ ಗೆದ್ದು ಬಂದಾಗ ಚಂದ್ರಪುರದ ಹತ್ತಿರ ಅವನಿಗೆ ಎಳನೀರಿನಿಂದ ಅಭಿಷೇಕ ಮಾಡಿದರು ಎಂದು ಬರೆದಿದೆ. ಗಂಗಾಜಲ ಅಲ್ಲ, ಎಳನೀರು. ಕರಾವಳಿಯ ರಾಜ ಎಂದರೆ ಹೀಗಿರಬೇಕು ಅಲ್ವಾ? ಸಾವಿರ ವರ್ಷದ ಹಿಂದೆಯೇ ಈ ಊರಿನ ಸುತ್ತ ತೆಂಗಿನ ತೋಟ ಇತ್ತು ಎಂಬುದಕ್ಕೂ ಈ ಒಂದು ಸಾಲು ಸಾಕ್ಷಿ.

10ನೇ ಶತಮಾನದ ಕೊನೆಯ ಹೊತ್ತಿಗೆ ಗೋವಾದ ಕದಂಬರು ಚಂದ್ರಪುರವನ್ನು ಹಿಡಿದು ರಾಜಧಾನಿ ಮಾಡಿಕೊಂಡರು. ಇವರ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಬಂದಿರುವುದು ಘಟ್ಟದ ಮೇಲಿನ ಕನ್ನಡ ಶಾಸನಗಳಿಂದ. ಧಾರವಾಡದಿಂದ ಬೆಳಗಾವಿ ಕಡೆ ಹೊರಟರೆ ಸಿಗುವ ನರೇಂದ್ರ ಗ್ರಾಮ ನಿಮಗೆಲ್ಲ ಗೊತ್ತು. ಅಲ್ಲಿಯ 12ನೇ ಶತಮಾನದ ಶಾಸನ ಚಟ್ಟಯ್ಯ, ಅಂದರೆ ಷಷ್ಠದೇವ, ಹಡಗುಗಳನ್ನು ಸಾಲಾಗಿ ನಿಲ್ಲಿಸಿ ಲಂಕೆಯವರೆಗೆ ಸೇತುವೆ ಕಟ್ಟಿದ ಎಂದು ಹೊಗಳುತ್ತದೆ. ಶಾಸನದ ಕವಿಗಳು ಸ್ವಲ್ಪ ಜಾಸ್ತಿಯೇ ಹೇಳುತ್ತಾರೆ, ಅದು ಅವರ ಕಸುಬು. ಆದರೆ ಉಳುವ ಎತ್ತು ಬಿಟ್ಟು ಬೇರೇನೂ ಕಾಣದ ಜೋಳದ ಬಯಲಿನಲ್ಲಿ ನಿಂತು ಹಡಗಿನ ಹೊಗಳಿಕೆ ಕೆತ್ತಿಸಿದ್ದಾರಲ್ಲ, ಆ ಮನೆತನಕ್ಕೆ ಸಮುದ್ರ ಎಷ್ಟು ಮುಖ್ಯವಾಗಿತ್ತು ಎಂಬುದು ಅಲ್ಲೇ ಗೊತ್ತಾಗುತ್ತದೆ. ಪಣಜಿಯ ವಸ್ತುಸಂಗ್ರಹಾಲಯದವರ ಬಳಿ ಆ ಕಾಲದ ವೀರಗಲ್ಲುಗಳಿವೆ. ನಮ್ಮ ಕಡೆಯ ವೀರಗಲ್ಲಿನಲ್ಲಿ ಕುದುರೆ, ದನಗಳು ಇರುವ ಜಾಗದಲ್ಲಿ ಅವುಗಳಲ್ಲಿ ಹುಟ್ಟು ಹಾಕುವ ದೋಣಿಗಳಿವೆ.

ಇದೇ ಮನೆತನದ ಅರಸ ಜಯಕೇಶಿಯ ತಾಮ್ರಪಟವೊಂದು ಒಂದು ಒಳ್ಳೇ ಕಥೆ ಹೇಳುತ್ತದೆ. ಅವನ ಪೂರ್ವಜ ಗುಹಲ್ಲದೇವ ಸೋಮನಾಥ ಯಾತ್ರೆಗೆ ಹಡಗಿನಲ್ಲಿ ಹೊರಟಿದ್ದ. ದಾರಿಯಲ್ಲಿ ಕೂವೆ ಮರ ಮುರಿಯಿತು. ಗೋಪಕಪಟ್ಟಣದ ಬಂದರಿನಲ್ಲಿ ಆಸರೆ ಪಡೆಯಬೇಕಾಯಿತು. ಅಲ್ಲಿ ಮದುಮೋದ ಎಂಬ ಅರಬ್ ವರ್ತಕ ಅವನಿಗೆ ನೆರವಾದ. ಆ ಋಣವನ್ನು ಮನೆತನ ಮರೆಯಲಿಲ್ಲ. ಜಯಕೇಶಿಯ ಕಾಲಕ್ಕೆ ಆ ವರ್ತಕನ ಮೊಮ್ಮಗ ರಾಜ್ಯದ ದೊಡ್ಡ ಅಧಿಕಾರಿ. ಅವನು ಕಟ್ಟಿಸಿದ ಮಸೀದಿಯ ಖರ್ಚಿಗೆ ಬಂದರಿಗೆ ಬರುವ ಹಡಗುಗಳ ಮೇಲಿನ ಸುಂಕದಲ್ಲಿ ಪಾಲು ಬಿಟ್ಟುಕೊಟ್ಟಿದ್ದಾರೆ. ಇದು 11ನೇ ಶತಮಾನದ ನಡುವಿನ ಮಾತು.

ಸೋಮನಾಥದ ಹೆಸರು ಬಂತು, ಗುಜರಾತಿನ ಇನ್ನೊಂದು ಎಳೆಯನ್ನೂ ಹೇಳಿಬಿಡುತ್ತೇನೆ. ಜಯಕೇಶಿಯ ಮಗಳು ಮಯಣಲ್ಲದೇವಿ. ಗುಜರಾತಿನ ಚೌಲುಕ್ಯ ರಾಜ ಕರ್ಣನನ್ನು ಮದುವೆಯಾದಳು. ಗುಜರಾತಿನ ಜೈನ ಪಂಡಿತ ಹೇಮಚಂದ್ರ ಬರೆಯುವ ಪ್ರಕಾರ ಚಿತ್ರಕಾರನೊಬ್ಬ ಅವಳ ಚಿತ್ರ ತೋರಿಸಿದ, ರಾಜ ಮನಸೋತ. ಇನ್ನೊಬ್ಬ ಜೈನ ಲೇಖಕ ಮೇರುತುಂಗ ಬೇರೆಯದೇ ಹೇಳುತ್ತಾನೆ. ಹುಡುಗಿ ನೋಡಲು ಚೆನ್ನಾಗಿಲ್ಲ ಎಂದು ರಾಜ ಮೊದಲು ಒಪ್ಪಲೇ ಇಲ್ಲವಂತೆ, ತಾಯಿ ಹಟ ಹಿಡಿದು ಮದುವೆ ಮಾಡಿಸಿದಳಂತೆ. ಅದೇನೇ ಇರಲಿ, ಅವಳ ಮಗನೇ ಸಿದ್ಧರಾಜ ಜಯಸಿಂಹ, ಗುಜರಾತಿನ ಅತಿ ದೊಡ್ಡ ಅರಸರಲ್ಲಿ ಒಬ್ಬ. ಗುಜರಾತಿಗಳಿಗೆ ಅವಳು ಮೀನಳದೇವಿ. ಸೋಮನಾಥಕ್ಕೆ ಹೋಗುವ ಬಡ ಯಾತ್ರಿಕರ ಮೇಲಿನ ಸುಂಕವನ್ನು ಮಗನಿಗೆ ಹೇಳಿ ತೆಗೆಸಿದವಳು ಎಂದು ಅವಳನ್ನು ನೆನೆಯುತ್ತಾರೆ. ಧೋಲ್ಕಾದಲ್ಲಿ ಅವಳು ಕಟ್ಟಿಸಿದ ಮಲಾವ್ ಕೆರೆ ಇದೆ. ಕೆರೆಯ ಅಂಚಿಗೆ ಒಬ್ಬಳ ಮನೆ ಅಡ್ಡ ಬರುತ್ತಿತ್ತು, ಅವಳು ಎಷ್ಟು ಕೊಟ್ಟರೂ ಮನೆ ಮಾರಲಿಲ್ಲ, ರಾಣಿ ಬಲವಂತ ಮಾಡಲಿಲ್ಲ, ಕೆರೆಯೇ ಸ್ವಲ್ಪ ಸೊಟ್ಟಗಾಯಿತು. ನ್ಯಾಯ ನೋಡಬೇಕಾದರೆ ಮಲಾವ್ ನೋಡು ಎಂದು ಅಲ್ಲಿಯ ಗಾದೆ. ಜಮೀನಿಗಾಗಿ ಮನೆ ಎಬ್ಬಿಸುವ ಈಗಿನ ಕಾಲದಲ್ಲಿ ಈ ಗಾದೆಯನ್ನು ನಮ್ಮ ಕಡೆಗೂ ತಂದುಕೊಳ್ಳಬಹುದಿತ್ತು.

ಜಯಕೇಶಿಯ ಸಾವಿನ ಬಗ್ಗೆಯೂ ಮೇರುತುಂಗನ ಹತ್ತಿರ ಕಥೆ ಇದೆ. ನಿನ್ನನ್ನು ಬಿಟ್ಟು ಉಣ್ಣುವುದಿಲ್ಲ ಎಂದು ಸಾಕಿದ ಗಿಳಿಗೆ ಮಾತು ಕೊಟ್ಟಿದ್ದನಂತೆ. ಗಿಳಿಯನ್ನು ಬೆಕ್ಕು ಕೊಂದಿತು. ರಾಜ ಗಿಳಿಯ ಜೊತೆ ಚಿತೆಯೇರಿದನಂತೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಈ ಜಯಕೇಶಿಯ ಕಾಲದಲ್ಲೇ ರಾಜಧಾನಿ ಚಂದ್ರಪುರದಿಂದ ಎದ್ದು ಜುವಾರಿಯ ಉತ್ತರ ದಂಡೆಯ ಗೋಪಕಪಟ್ಟಣಕ್ಕೆ ಹೋಯಿತು. ಈಗಿನ ಗೋವಾ ವೆಲ್ಹಾದ ಹತ್ತಿರ. ಕಾರಣ ಕಷ್ಟದ್ದಲ್ಲ. ಕುಶಾವತಿ ಒಳನಾಡಿನ ಸಣ್ಣ ಹೊಳೆ. ಅರಬ್ಬಿ ಸಮುದ್ರದ ದೊಡ್ಡ ಹಡಗು ಅಲ್ಲಿಗೆ ಬರುವುದು ಹೇಗೆ? ವ್ಯಾಪಾರ ಬೆಳೆಯಿತು, ಹೊಳೆ ಬೆಳೆಯಲಿಲ್ಲ. ರಾಜ ಕಡಲ ಹತ್ತಿರ ಹೋದ. ಮುಂದಿನ ನೂರು ವರ್ಷ ಆ ಮನೆತನದ ಒಳ್ಳೇ ಕಾಲ. ಎರಡನೇ ಜಯಕೇಶಿ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಮಗಳು ಮೈಲಳದೇವಿಯನ್ನು ಮದುವೆಯಾದ. ಅವರ ಮಗ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಕಿತ್ತೂರಿನ ಹತ್ತಿರ ದೇಗಾಂವಿಯಲ್ಲಿ ಕಮಲನಾರಾಯಣ ದೇವಸ್ಥಾನ ಕಟ್ಟಿಸಿದಳು. ಖಾನಾಪುರ ತಾಲೂಕಿನ ಹಲಸಿ ಅವರ ಎರಡನೇ ಮನೆ. ಸಿಂಹದ ಗುರುತಿನ ಅವರ ಚಿನ್ನದ ಗದ್ಯಾಣ ನಾಣ್ಯ ಸಂಗ್ರಹಿಸುವವರ ಕಣ್ಮಣಿ.

ಇಲ್ಲಿಗೆ ನಿಲ್ಲಿಸಿ ಒಂದು ಪ್ರಶ್ನೆ ಕೇಳುತ್ತೇನೆ. ರಾಜ ಎದ್ದು ಹೋದ ಮೇಲೆ ಚಂದ್ರಪುರ ಏನಾಯಿತು? ಸಾಮಾನ್ಯವಾಗಿ ರಾಜಧಾನಿ ಹೋದರೆ ಊರು ಹಾಳುಬೀಳುತ್ತದೆ. ಗೋಪಕಪಟ್ಟಣಕ್ಕೇ ಆ ಗತಿ ಬಂತು. ಜುವಾರಿಯಲ್ಲಿ ಹೂಳು ತುಂಬಿತು, ಬಂದರು ಸತ್ತಿತು. ಇವತ್ತು ಅಲ್ಲಿ ತೆಂಗಿನ ಮರಗಳ ನಡುವೆ ಗೋಡೆಯ ಗುರುತು ಹುಡುಕಬೇಕು. ಚಂದ್ರಪುರ ಮಾತ್ರ ಉಳಿಯಿತು. ಅಷ್ಟೇ ಅಲ್ಲ, 13ನೇ ಶತಮಾನದ ಕಷ್ಟಕಾಲದಲ್ಲಿ ಕದಂಬರ ಕೊನೆಯ ತಲೆಮಾರು ಆಸರೆ ಹುಡುಕಿ ವಾಪಸ್ ಬಂದದ್ದೂ ಇಲ್ಲಿಗೇ. 14ನೇ ಶತಮಾನದಲ್ಲಿ ದೆಹಲಿಯ ಸೈನ್ಯದ ಹೊಡೆತಕ್ಕೆ ಕೋಟೆ ಬಿತ್ತು. ಹೊನ್ನಾವರದ ಸುಲ್ತಾನ ಜಮಾಲುದ್ದೀನ್ ಹಡಗುಪಡೆ ತಂದು ಸಂದಾಪುರವನ್ನು ಮುತ್ತಿದಾಗ ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತ ಜೊತೆಯಲ್ಲೇ ಇದ್ದ. ಅರಬರ ಸಂದಾಪುರ ಎಂಬ ಹೆಸರು ಚಂದ್ರಪುರದ್ದೇ ಎಂದು ಬಹಳ ಜನ ಹೇಳುತ್ತಾರೆ. ಆದರೆ ಬತೂತ ಬಣ್ಣಿಸುವುದು 36 ಹಳ್ಳಿಗಳಿರುವ ಒಂದು ದ್ವೀಪವನ್ನು. ಚಾಂದೋರ್ ದ್ವೀಪವಲ್ಲ. ಹಳೇ ರಾಜಧಾನಿಯ ಹೆಸರು ಹೊಸ ಬಂದರಿಗೆ ಅಂಟಿಕೊಂಡಿತ್ತು ಎಂದು ನನ್ನ ಅಂದಾಜು.

ಆಮೇಲೆ ಬಹಮನಿಗಳು, 1380ರ ಸುಮಾರಿಗೆ ವಿಜಯನಗರದ ಮಾಧವ ಮಂತ್ರಿ, 1472ರಲ್ಲಿ ಮತ್ತೆ ಬಹಮನಿಯ ಮಹಮೂದ್ ಗವಾನ್, ನಂತರ ಬಿಜಾಪುರದ ಆದಿಲ್‌ಶಾಹಿ. ಗೋವಾಕ್ಕಾಗಿ ಇಷ್ಟೊಂದು ಜಗ್ಗಾಟ ಯಾಕೆಂದರೆ ಕುದುರೆ. ಅರಬ್ ಕುದುರೆ ಇಳಿಯುವ ಬಂದರು ಯಾರ ಕೈಯಲ್ಲಿದೆಯೋ ದಖ್ಖನದಲ್ಲಿ ಅವರ ಕೈ ಮೇಲು.

ವಿಜಯನಗರದ ನೆನಪು ಚಾಂದೋರಿನಲ್ಲಿ ವಿಚಿತ್ರ ರೀತಿಯಲ್ಲಿ ಉಳಿದಿದೆ. ಕಾರ್ನಿವಲ್ ಹಬ್ಬದ ದಿನಗಳಲ್ಲಿ ಇಲ್ಲಿ ಮುಸಳ್ ಖೇಳ್ ನಡೆಯುತ್ತದೆ. ಅಂದರೆ ಒನಕೆ ಕುಣಿತ. ಗಂಡಸರು ಕೈಯಲ್ಲಿ ಒನಕೆ ಹಿಡಿದು, ನೆಲಕ್ಕೆ ಕುಟ್ಟುತ್ತಾ, ಹಾಡುತ್ತಾ, ಮನೆಯಿಂದ ಮನೆಗೆ ಹೋಗುತ್ತಾರೆ. ಕುಣಿಯುವವರು ಊರಿನ ಮೂಲ ಮನೆತನಗಳ ಕ್ರೈಸ್ತರು, ತಮ್ಮನ್ನು ಕ್ಷತ್ರಿಯರು ಎಂದು ಹೇಳಿಕೊಳ್ಳುವವರು. ಅದನ್ನು ಹರಿಹರ ರಾಜನ ಕಾಲದ ಗೆಲುವಿಗೆ ಸೇರಿಸಿ ಹೇಳುವುದು ವಾಡಿಕೆ. ಯೋಚಿಸಿ ನೋಡಿ. ಹಂಪಿಯ ಅರಸನ ಗೆಲುವು, ಕೊಂಕಣಿಯ ಹಾಡು, ಕುಣಿಯುವವರು ಕ್ರೈಸ್ತರು, ದಿನ ಪೋರ್ಚುಗೀಸರು ತಂದ ಕಾರ್ನಿವಲ್. ಇದನ್ನು ಯಾರ ಸಂಸ್ಕೃತಿ ಎಂದು ಬರೆದುಕೊಳ್ಳುತ್ತೀರಿ? ನಮ್ಮ ಕದಂಬರು, ನಮ್ಮ ವಿಜಯನಗರ ಎಂದು ಎದೆ ತಟ್ಟಿಕೊಳ್ಳುವವರು ಒಂದು ಸಲ ಆ ಕುಣಿತ ನೋಡಬೇಕು. ಅದು ಚಾಂದೋರಿನದು, ಅಷ್ಟೇ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಈ ಊರು ಉಳಿದದ್ದು ಹೇಗೆ? ನನ್ನ ಉತ್ತರ ಗಾಂವ್ಕಾರಿ.

ಗೋವಾದ ಹಳ್ಳಿಯಲ್ಲಿ ನೆಲ ಒಬ್ಬೊಬ್ಬರದಾಗಿರಲಿಲ್ಲ. ಬಹುಪಾಲು ಗದ್ದೆ, ಗುಡ್ಡ, ಕೆರೆ ಎಲ್ಲ ಊರಿನದು. ಊರು ಎಂದರೆ ಮೊದಲು ಬಂದು ನೆಲ ಹಸನು ಮಾಡಿದ ಮನೆತನಗಳ ಗುಂಪು. ಆ ಒಂದೊಂದು ಬಳಿಯನ್ನು ವಾಂಗಡ್ ಎನ್ನುತ್ತಾರೆ. ವಾಂಗಡಿನ ಗಂಡಸರು ಗಾಂವ್ಕಾರರು. ಗದ್ದೆಯನ್ನು ಹರಾಜು ಹಾಕಿ ಗೇಣಿಗೆ ಕೊಡುತ್ತಿದ್ದರು. ಬಂದ ಹಣದಲ್ಲಿ ಮೊದಲು ರಾಜನ ಪಾಲು. ಆಮೇಲೆ ದೇವಸ್ಥಾನ, ಒಡ್ಡು, ಕಾಲುವೆ, ಬಡಗಿ, ಕಮ್ಮಾರ, ಕ್ಷೌರಿಕ, ಶ್ಯಾನುಭೋಗಿಕೆ ಮಾಡುವವನು. ಉಳಿದದ್ದನ್ನು ಗಾಂವ್ಕಾರರು ಹಂಚಿಕೊಳ್ಳುತ್ತಿದ್ದರು. ಆ ಪಾಲಿಗೆ ಝೋಣ್ ಎಂದು ಹೆಸರು. ನಷ್ಟವಾದರೆ ನಷ್ಟವೂ ಹಂಚಿಕೆ. ಸಭೆಯಲ್ಲಿ ಯಾವ ವಾಂಗಡ್ ಮೊದಲು ಮಾತಾಡಬೇಕು, ಹೊಸ ಬೆಳೆಯ ಮೊದಲ ತೆನೆ ಯಾರು ಕೊಯ್ಯಬೇಕು, ಗುಡಿಯ ಮಾಡಿಗೆ ಮೊದಲ ಹುಲ್ಲು ಯಾರು ಹೊದಿಸಬೇಕು, ಎಲ್ಲಕ್ಕೂ ಸರದಿ ಇತ್ತು. ತೀರ್ಮಾನ ಒಮ್ಮತದಿಂದಲೇ ಆಗಬೇಕು. ಒಬ್ಬ ಗಾಂವ್ಕಾರ ಎದ್ದು ನಿಂತು "ನಾಕಾ" ಎಂದರೆ, ಅಂದರೆ ಬೇಡ ಎಂದರೆ, ಮಾತು ಅಲ್ಲಿಗೇ ನಿಂತಿತು.

ಇಂಥ ಕೂಡು ಒಡೆತನ ಯಾಕೆ ಬಂತು? ನೆಲವೇ ಹಾಗಿದೆ. ಜುವಾರಿ, ಸಾಳ್ ನದಿಗಳ ಕೆಳಭಾಗದಲ್ಲಿ ಭರತದ ಉಪ್ಪುನೀರು ಗದ್ದೆಯೊಳಗೆ ನುಗ್ಗುತ್ತದೆ. ಅದನ್ನು ತಡೆಯಲು ಮಣ್ಣಿನ ಬಾಂದ್ ಹಾಕಬೇಕು. ಬಾಂದಿನ ನಡುವೆ ಮಾನಶಿ ಎಂಬ ಮರದ ಬಾಗಿಲು. ನೀರು ಇಳಿದಾಗ ತೆರೆದುಕೊಳ್ಳುತ್ತದೆ, ಏರಿದಾಗ ತಾನಾಗಿ ಮುಚ್ಚಿಕೊಳ್ಳುತ್ತದೆ. ಹೀಗೆ ಗೆದ್ದುಕೊಂಡ ಗದ್ದೆಗೆ ಖಾಜಣ್ ಎನ್ನುತ್ತಾರೆ. ಅಲ್ಲಿ ಉಪ್ಪು ತಡೆಯುವ ಕೊರ್ಗುಟ್ ಭತ್ತ ಬೆಳೆಯುತ್ತಾರೆ. ಬಾಗಿಲ ಹತ್ತಿರದ ಮೀನಿನ ಹಕ್ಕನ್ನು ಬೇರೆ ಹರಾಜು ಹಾಕುತ್ತಾರೆ. ಕುಮಟಾ ಕಡೆಯವರು ಯಾರಾದರೂ ಇಲ್ಲಿದ್ದರೆ ಈಗಾಗಲೇ ತಲೆಯಾಡಿಸುತ್ತಿರಬೇಕು. ಅಘನಾಶಿನಿಯ ಗಜನಿ ಗದ್ದೆ, ಕಗ್ಗ ಭತ್ತ, ಸಿಗಡಿ ಎಲ್ಲವೂ ಇದೇ ಬಗೆಯದು. ಒಂದು ಬಾಂದ್ ಒಡೆದರೆ ಒಬ್ಬನ ಗದ್ದೆ ಅಲ್ಲ, ಇಡೀ ಬಯಲು ಉಪ್ಪಾಗುತ್ತದೆ. ಉಪ್ಪು ಹೋಗಲು ವರ್ಷಗಳು ಬೇಕು. ಹಾಗಾಗಿ ಒಟ್ಟಿಗೆ ನಿಲ್ಲದೆ ಬೇರೆ ದಾರಿಯೇ ಇರಲಿಲ್ಲ.

ಪೋರ್ಚುಗೀಸರಿಗೆ ಇದು ಬೇಗ ಅರ್ಥವಾಯಿತು. 1510ರಲ್ಲಿ ಅವರು ಗೋವಾ ದ್ವೀಪ ಹಿಡಿದರು. 1526ರಲ್ಲಿ ಅಫೊನ್ಸೊ ಮೆಶಿಯಾ ಎಂಬ ಕಂದಾಯದ ಅಧಿಕಾರಿ ಅಲ್ಲಿಯ ಊರುಗಳ ಪದ್ಧತಿಯನ್ನೆಲ್ಲ ಕೇಳಿ ಬರೆಸಿದ. ಹಿಂದೆ ನಾಲ್ಕು ಜನ ಬಂದು ಪಾಳುನೆಲವನ್ನು ಹದ ಮಾಡಿದರು, ಅದು ಬೆಳೆದು ಊರಾಯಿತು ಎಂಬ ಕಥೆ ಅದರಲ್ಲೇ ಇದೆ. ಕಂದಾಯ ತಾನಾಗಿ ಬರುತ್ತಿರುವಾಗ ವ್ಯವಸ್ಥೆ ಕೆಡಿಸುವುದು ಯಾಕೆ ಎಂಬ ವ್ಯಾಪಾರಿ ಲೆಕ್ಕ ಅವರದು. ಚಾಂದೋರ್ ಇರುವ ಸಾಲಸೇಟ್ ಅವರ ಕೈಗೆ ಸೇರಿದ್ದು 1543ರಲ್ಲಿ. ಅಲ್ಲಿಯೂ ಇದೇ ಪದ್ಧತಿಯನ್ನು ಇಟ್ಟುಕೊಂಡರು. ಕೊಮುನಿದಾದ್ ಎಂದು ಹೆಸರು ಮಾತ್ರ ಬದಲಾಯಿತು.

ಹಾಗೆಂದು ಗಾಂವ್ಕಾರಿಯನ್ನು ರಾಮರಾಜ್ಯ ಮಾಡಬೇಡಿ. ಈ ತಪ್ಪನ್ನು ಬಹಳ ಜನ ಮಾಡುತ್ತಾರೆ. ಸಭೆಯಲ್ಲಿ ಹೆಂಗಸರಿಗೆ ಜಾಗ ಇರಲಿಲ್ಲ. ನಿಜಕ್ಕೂ ಬಾಂದಿಗೆ ಮಣ್ಣು ಹೊತ್ತವರು, ನಾಟಿ ಮಾಡಿದವರು ಕುಣಬಿಗಳು, ಗಾವಡೆಯವರು. ಅವರು ಬಹಳ ಕಡೆ ಗಾಂವ್ಕಾರರಿಗಿಂತ ಹಳಬರು. ಅವರಿಗೆ ಝೋಣ್ ಸಿಗುತ್ತಿರಲಿಲ್ಲ. ನಾಕಾ ಎನ್ನುವ ಹಕ್ಕಂತೂ ಇಲ್ಲವೇ ಇಲ್ಲ.

ನೆಲದ ಲೆಕ್ಕ ಉಳಿಯಿತು, ದೇವರು ಉಳಿಯಲಿಲ್ಲ. 1566-67ರಲ್ಲಿ ಸಾಲಸೇಟ್‌ನ ಗುಡಿಗಳನ್ನು ಊರೂರಿಗೆ ಹೋಗಿ ಸುಟ್ಟರು, ಕೆಡವಿದರು. ಸುಮಾರು 280 ಗುಡಿಗಳು ಎಂದು ಆ ಕಾಲದ ಪಾದ್ರಿಗಳೇ ಬರೆದಿಟ್ಟಿದ್ದಾರೆ. ದೇವಸ್ಥಾನದ ಜಮೀನಿನ ಆದಾಯ ಚರ್ಚಿಗೆ ಹೋಯಿತು. ದೇವರುಗಳು ರಾತ್ರಿ ಹೊಳೆ ದಾಟಿದರು. ಕುಶಸ್ಥಳಿಯ, ಅಂದರೆ ಈಗಿನ ಕುಠ್ಠಾಳಿಯ, ಮಂಗೇಶ ಹೀಗೆ ಹೋದವನು. ಕೆಳೋಶಿಯ ಶಾಂತಾದುರ್ಗೆ ಕವಳೆಗೆ, ವೆರ್ಣೆಯ ಮಹಾಲಸಾ ಮಾರ್ದೋಳಿಗೆ, ಲೊಟಲಿಯ ರಾಮನಾಥ ಬಾಂದಿವಡೆಗೆ, ಮಡಗಾಂವಿನ ದಾಮೋದರ ಜಾಂಬಾವಲಿಗೆ. ಜೊತೆಗೆ ಜನ. ಅವರಲ್ಲಿ ಎಷ್ಟೋ ಮಂದಿ ದಕ್ಷಿಣಕ್ಕೆ ನಡೆದು ಕಾರವಾರ, ಕುಮಟಾ, ಭಟ್ಕಳ, ಮಂಗಳೂರು ಸೇರಿದರು. ಇವತ್ತು ನಮ್ಮ ಕರಾವಳಿಯ ಕೊಂಕಣಿ ಮನೆಗಳಲ್ಲಿ ಕುಲದೇವರು ಎಲ್ಲಿ ಎಂದು ಕೇಳಿದರೆ ಗೋವಾ ಎನ್ನುತ್ತಾರಲ್ಲ, ಅದರ ಮೂಲ ಇಲ್ಲಿದೆ. ನಂತರದ ಕಾಲದಲ್ಲಿ ಕ್ರೈಸ್ತರೂ ಅದೇ ದಾರಿ ಹಿಡಿದರು, ಇನ್ಕ್ವಿಸಿಷನ್, ಅಂದರೆ ಚರ್ಚಿನ ಧರ್ಮ ವಿಚಾರಣೆಯ, ಕಾಟಕ್ಕೆ, ಬರಕ್ಕೆ, ಮರಾಠರ ದಾಳಿಗೆ.

ಎದುರು ನಿಂತವರೂ ಇದ್ದರು. ಚಾಂದೋರಿನ ದಕ್ಷಿಣಕ್ಕಿರುವ ಕುಂಕಳ್ಳಿಯಲ್ಲಿ 1583ರ ಜುಲೈ ತಿಂಗಳಲ್ಲಿ ಚರ್ಚಿಗೆ ಜಾಗ ನೋಡಲು ಬಂದ ಐವರು ಜೆಸುಯಿಟ್ ಪಾದ್ರಿಗಳನ್ನು ಊರವರು ಕೊಂದರು. ಅವರ ಮುಂದಾಳು ರೊಡಾಲ್ಫೊ ಅಕ್ವಾವಿವಾ. ಅಕ್ಬರನ ಆಸ್ಥಾನದಲ್ಲಿ ಧರ್ಮ ಚರ್ಚೆ ಮಾಡಿ ಅದೇ ವರ್ಷ ವಾಪಸ್ ಬಂದಿದ್ದವರು. ನಂತರ ಕುಂಕಳ್ಳಿಯ ಮುಖಂಡರನ್ನು ಮಾತುಕತೆಗೆಂದು ಅಸೊಳ್ಣೆಯ ಕೋಟೆಗೆ ಕರೆಸಿ ಪೋರ್ಚುಗೀಸರು ಕೊಂದುಹಾಕಿದರು.

ಚಾಂದೋರಿನ ಜಾಗ ಇಲ್ಲಿ ನಾಜೂಕಿನದು. ಅದು ಸಾಲಸೇಟ್‌ನ ಪೂರ್ವದ ಅಂಚು. ಅದರಾಚೆಯ ಕೇಪೆ, ಪಾರೋಡೆ ಕಡೆ ಮೊದಲು ಬಿಜಾಪುರದ್ದು, ಆಮೇಲೆ ಸೋಂದೆಯವರದು. ಹೌದು, ನಮ್ಮ ಶಿರಸಿ ಹತ್ತಿರದ ಸೋಂದೆ. ಆ ಪ್ರದೇಶಕ್ಕೆ ಚಂದ್ರವಾಡಿ ಎಂದೇ ಹೆಸರಿತ್ತು. ಅಂದರೆ ಹೊಳೆಯ ಈಚೆ 17ನೇ ಶತಮಾನದಲ್ಲಿ ಬೆಥ್ಲೆಹೆಮ್ ಮಾತೆಯ ಚರ್ಚು ಎದ್ದರೆ, ಆಚೆ ಗುಡ್ಡದ ಮೇಲೆ ಚಂದ್ರನಾಥ ಪೂಜೆ ಪಡೆಯುತ್ತಲೇ ಇದ್ದ. 1763ರಲ್ಲಿ ಹೈದರ್ ಅಲಿ ಸೋಂದೆಯನ್ನು ಗೆದ್ದಾಗ ಅಲ್ಲಿಯ ರಾಜ ಗೋವಾಕ್ಕೆ ಓಡಿಬಂದ. ಅವನ ಘಟ್ಟದ ಕೆಳಗಿನ ಸೀಮೆ ಪೋರ್ಚುಗೀಸರ ವಶವಾಯಿತು. ಅಷ್ಟು ಹೊತ್ತಿಗೆ ಗುಡಿ ಕೆಡವುವ ಹುಚ್ಚು ಇಳಿದಿತ್ತು. ಹಾಗಾಗಿ ಫೋಂಡಾ, ಕೇಪೆ ಕಡೆಯ ದೇವಸ್ಥಾನಗಳು ಉಳಿದವು.

ಈಗ ಆ ಬಂಗಲೆಗೆ ಬರೋಣ. ಒಂದೇ ಉದ್ದನೆಯ ಮುಖ, ಒಳಗೆ ಎರಡು ಮನೆ. ಒಂದು ಕಡೆ ಮೆನೆಜಿಸ್ ಬ್ರಗಾಂಝಾ, ಇನ್ನೊಂದು ಕಡೆ ಬ್ರಗಾಂಝಾ ಪೆರೇರಾ. ಪೋರ್ಚುಗಲ್‌ನ ರಾಜಮನೆತನದ ಅಡ್ಡಹೆಸರನ್ನೇ ಪಡೆದ ಕುಟುಂಬ. ಇಷ್ಟು ಹತ್ತಿರವಿದ್ದ ಮನೆಯಿಂದಲೇ ಪೋರ್ಚುಗೀಸರ ವಿರುದ್ಧದ ದೊಡ್ಡ ದನಿ ಎದ್ದದ್ದು ನನಗೆ ಆ ದೀಪ ಪಿಂಗಾಣಿಗಿಂತ ಮುಖ್ಯ ಅನಿಸುತ್ತದೆ. ಲುಯಿಸ್ ದ ಮೆನೆಜಿಸ್ ಬ್ರಗಾಂಝಾ 1878ರಲ್ಲಿ ಹುಟ್ಟಿದವರು. 1900ರಲ್ಲಿ ಮೆಸಿಯಾಸ್ ಗೋಮ್ಸ್ ಜೊತೆ ಸೇರಿ ಓ ಹೆರಾಲ್ಡೊ ದಿನಪತ್ರಿಕೆ ಶುರು ಮಾಡಿದರು. 1930ರಲ್ಲಿ, ಮುಂದೆ ಪೋರ್ಚುಗಲ್‌ನ ಸರ್ವಾಧಿಕಾರಿಯಾದ ಸಾಲಾಜಾರ್‌ನ ವಸಾಹತು ಕಾನೂನು ಬಂದಾಗ ಗೋವಾದ ಶಾಸನ ಸಭೆಯಲ್ಲಿ ಎದ್ದು ನಿಂತು, ಗೋವಾದ ಜನಕ್ಕೆ ತಮ್ಮ ದಾರಿ ತಾವೇ ಆರಿಸಿಕೊಳ್ಳುವ ಹಕ್ಕಿದೆ ಎಂಬ ಠರಾವು ಮಂಡಿಸಿದರು. ಹಳೇ ಭಾಷೆಯಲ್ಲಿ ಹೇಳುವುದಾದರೆ ಅದು ಒಬ್ಬ ಗೋವೆಯವನು ಲಿಸ್ಬನ್‌ಗೆ ಹೇಳಿದ ನಾಕಾ. ಇದೇ ಚಾಂದೋರಿನಲ್ಲಿ 1891ರಲ್ಲಿ ಹುಟ್ಟಿದವರು ಟ್ರಿಸ್ಟಾವ್ ಬ್ರಗಾಂಝಾ ಕುನ್ಹಾ. 1928ರಲ್ಲಿ ಗೋವಾ ಕಾಂಗ್ರೆಸ್ ಕಮಿಟಿ ಕಟ್ಟಿದರು. ಲೋಹಿಯಾ ಮಡಗಾಂವಿನಲ್ಲಿ ಸಭೆ ಮಾಡಿದ 1946ರಲ್ಲೇ ಇವರನ್ನೂ ಹಿಡಿದು, ಸೈನಿಕ ನ್ಯಾಯಾಲಯದಲ್ಲಿ ವಿಚಾರಣೆ ನಡೆಸಿ, ಪೋರ್ಚುಗಲ್‌ನ ಪೆನಿಶ್ ಕೋಟೆಯ ಜೈಲಿಗೆ ಕಳಿಸಿದರು. 1958ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಗೋವಾದ ಬಿಡುಗಡೆಗೆ ಇನ್ನೂ ಮೂರು ವರ್ಷ ಇತ್ತು.

1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾಯಿತು. ಪಂಚಾಯಿತಿ ಬಂತು. 1964ರ ಗೇಣಿ ಕಾಯ್ದೆ ಮತ್ತು ಅದರ ತಿದ್ದುಪಡಿಗಳಿಂದ ಉಳುವವನಿಗೆ ಹಕ್ಕು ಬಂತು. 1975ರ ಮುಂಡ್ಕಾರ್ ಕಾಯ್ದೆಯಿಂದ ಇನ್ನೊಬ್ಬರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡು ಇದ್ದವರನ್ನು ಎಬ್ಬಿಸುವುದು ನಿಂತಿತು. ತಲೆತಲಾಂತರದಿಂದ ಝೋಣ್ ಇಲ್ಲದೆ ದುಡಿದವರಿಗೆ ಇದು ಆಗಲೇಬೇಕಿತ್ತು. ಕೊಮುನಿದಾದ್ ಹೆಸರಿಗೆ ಉಳಿಯಿತು, ಕೈಯಲ್ಲಿದ್ದ ಗದ್ದೆ ಹೋಯಿತು. ಆದರೆ ಒಂದು ತೊಡಕೂ ಆಯಿತು. ಬಾಂದ್ ಯಾರು ರಿಪೇರಿ ಮಾಡಬೇಕು? ಮೊದಲು ಊರಿನ ಜವಾಬ್ದಾರಿ. ಈಗ ಗೇಣಿದಾರರ ಸಂಘ, ಸರ್ಕಾರ, ಹಳೇ ಗಾಂವ್ಕಾರರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಗೋವಾದ ಎಷ್ಟೋ ಖಾಜಣ್ ಗದ್ದೆಗಳು ಉಪ್ಪಾಗಿ ಪಾಳುಬಿದ್ದಿರುವುದಕ್ಕೆ ಇದೂ ಒಂದು ಕಾರಣ. ಹಳೇ ಅನ್ಯಾಯ ತೆಗೆಯುವಾಗ ಹಳೇ ಕೆಲಸವನ್ನು ಯಾರಿಗೆ ಒಪ್ಪಿಸಬೇಕು ಎಂದು ಯೋಚಿಸಲಿಲ್ಲ.

ಕೊನೆಗೆ ರೈಲು. 1880ರ ದಶಕದಲ್ಲಿ ಮುರಗಾಂವ್ ಬಂದರಿನಿಂದ ಕ್ಯಾಸಲ್‌ರಾಕ್‌ಗೆ ಹಳಿ ಹಾಕಿದರು. ಆ ಹಳಿ ಚಾಂದೋರಿನ ನಡುವೆಯೇ ಹಾಯುತ್ತದೆ. ಇವತ್ತು ಅದು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈಋತ್ಯ ರೈಲ್ವೆಯ ದಾರಿ. ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗೆ ಬೇಕಾದ ಕಲ್ಲಿದ್ದಲು ಮುರಗಾಂವಿನಲ್ಲಿ ಇಳಿದು ಇದೇ ಹಳಿಯ ಮೇಲೆ ಘಟ್ಟ ಹತ್ತುತ್ತದೆ. ಹಳಿಯನ್ನು ಜೋಡಿ ಮಾಡುವ ಕೆಲಸ ಶುರುವಾದಾಗ, 2020ರ ನವೆಂಬರ್ 1ರ ರಾತ್ರಿ, ಸಾವಿರಾರು ಜನ ಚಾಂದೋರಿನಲ್ಲಿ ಸೇರಿ ಹಳಿಯ ಮೇಲೆ ಕೂತರು. ಗೋಂಯಾಂತ್ ಕೊಳ್ಸೊ ನಾಕಾ ಎಂಬುದು ಅವರ ಚಳವಳಿಯ ಹೆಸರು. ಗೋವಾದಲ್ಲಿ ಕಲ್ಲಿದ್ದಲು ಬೇಡ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಘಟ್ಟದ ಅಭಯಾರಣ್ಯದೊಳಗಿನ ಭಾಗಕ್ಕೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ರದ್ದು ಮಾಡಿತು. ಅದಕ್ಕೆ ಹೊರತಾದ ಭಾಗಗಳ ಜಗಳ ಬೇರೆ.

ಆ ಉಕ್ಕು ನಮ್ಮ ನಾಡಿನಲ್ಲಿ ತಯಾರಾಗುತ್ತದೆ, ಅಲ್ಲಿಯ ಸಂಬಳದಿಂದ ನಮ್ಮ ಮನೆಗಳು ನಡೆಯುತ್ತವೆ, ದೂಳು ಚಾಂದೋರಿನ ಮನೆಗಳ ಮೇಲೆ ಕೂರುತ್ತದೆ. ಹಾಗಾಗಿ ಚಾಂದೋರಿನ ಜೊತೆ ನಮ್ಮ ನಂಟು ಏನು ಎಂದು ಯಾರಾದರೂ ಕೇಳಿದರೆ ಕದಂಬರ ಕಾಲಕ್ಕೆ ಹೋಗಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಇಷ್ಟು ಹೊತ್ತು ಕೇಳಿದ್ದೀರಿ. ಪ್ರಶ್ನೆಗಳಿದ್ದರೆ ಈಗ ಕೇಳಿ, ಕುಮಟಾದವರು ಗಜನಿಯ ಬಗ್ಗೆ ಹೇಳುವುದಿದ್ದರೆ ಅದನ್ನೂ ಹೇಳಿ.